ಲಾಡಿ ಕಚ್ಚಿದ ಗಾಯ ಲಾಡಿಯ ಕೆಳಗೇ ಉಳಿಯಬೇಕೆ?

ನವಲಗುಂದ: ನಮ್ಮೂರ ಬಸ್ ನಿಲ್ದಾಣದಲ್ಲಿ ಚರ್ಚೆಗೆ ಬಾರದ ವಿಷಯವೇ ಇಲ್ಲ. ಕಳಸಾ-ಬಂಡೂರಿ ನೀರು ಎಲ್ಲಿಗೆ ಬಂತು, ಹೆಸರುಕಾಳಿಗೆ ರೇಟು ಏನಾತು, ಹುಬ್ಬಳ್ಳಿ ಗಾಡಿ ಯಾಕೆ ಇನ್ನೂ ಬರಲಿಲ್ಲ ಅಂತ ಚಹಾದಂಗಡಿ ಮುಂದೆ ತಾಸುಗಟ್ಟಲೆ ವಾದ ನಡೀತದೆ. ಆದರೆ ಮನೆಯ ಹೆಣ್ಣುಮಕ್ಕಳ ಸೊಂಟದ ಮೇಲೆ ತಿಂಗಳುಗಟ್ಟಲೆ ಮಾಯದೆ ಉಳಿದ ಗಾಯದ ಸುದ್ದಿ ಮಾತ್ರ ಅಲ್ಲಿಗೆ ಬರೋದಿಲ್ಲ. ಬರೋದಾದರೂ ಹೆಂಗ? ಮನೆಯೊಳಗೇ ಅದರ ಸುದ್ದಿ ಇರೋದಿಲ್ಲ!

ಪರಕರದ ಲಾಡಿ ಬಗ್ಗೆ ಪತ್ರಿಕೆಯಲ್ಲಿ ಬರೆಯೋದೇನು ಅಂತ ಮೂಗು ಮುರಿಯುವವರು ಇದ್ದಾರು. ಅವರು ಮುಂದಿನ ಸ್ಟಾಪು ಬರುವ ತನಕ ಓದಿ ನೋಡಲಿ, ಆಮೇಲೆ ಬೇಕಾದರೆ ಪೇಪರು ಮಡಚಿ ಶೇಂಗಾ ಕಟ್ಟಿಕೊಳ್ಳಲಿ.

ಈ ಸಂಗತಿ ಬಯಲಾದದ್ದು ಈ ವರದಿಗಾರನ ಮನೆಯಲ್ಲೇ. ಬೇಸಿಗೆಯ ಒಂದು ಮುಂಜಾನೆ. ಬಟ್ಟೆ ಒಗೆಯುತ್ತಿದ್ದ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದು ದನಿ ತಗ್ಗಿಸಿ ಹೇಳಿದಳು: "ನೋಡ್ರಿ, ದೊಡ್ಡವ್ವನ ಪರಕರದ ಪಟ್ಟಿಗೆ ರಕ್ತ ಹತ್ತೇದ. ಒಂದ ದಿನದ್ದಲ್ಲ ಇದು. ಮೂರೂ ಪರಕರಕ್ಕ ಅದ ಜಾಗಾದಾಗ ಕಲಿ ಅದ."

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ವಯಸ್ಸು ಅರವತ್ತೈದರ ಮೇಲೆ. ಎಷ್ಟು ಮೇಲೆ ಅಂತ ಆಕೆಗೂ ಗೊತ್ತಿಲ್ಲ, ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತ ಬರೆದುಬಿಟ್ಟಿದ್ದಾರೆ. ಹದಿನಾಲ್ಕು ತುಂಬುವ ಮೊದಲೇ ಸೀರೆ ಉಟ್ಟವಳು. ನಲವತ್ತು ವರ್ಷ ಹೊಲದ ಕೆಲಸ ಮಾಡಿದವಳು. ಕೇಳಿದ್ದಕ್ಕೆ ಸೆರಗು ಎಳೆದುಕೊಂಡು, "ಲಾಡಿ ಕಚ್ಚೇದಪಾ, ಅದೇನ ಹೊಸಾದ? ಎಲ್ಲಾ ಹೆಂಗಸರಿಗೂ ಇರತದ" ಅಂದಳು. ಎಂದಿನಿಂದ ಅಂತ ಕೇಳಿದರೆ, "ಸೀಗಿ ಹುಣ್ಣಿವಿ ಆಜೂಬಾಜೂ."

ಅಂದರೆ ಏಳು ತಿಂಗಳು!

ಈ ಏಳು ತಿಂಗಳಲ್ಲಿ ಆಕೆ ಹಚ್ಚದ ಔಷಧ ಇರಲಿಲ್ಲ. ಕೊಬ್ಬರಿ ಎಣ್ಣಿಯೊಳಗೆ ಅರಿಷಿಣ ಕಲಿಸಿ ಹಚ್ಚಿದ್ದಾಯಿತು. ಬೇವಿನ ತಪ್ಪಲ ಅರೆದು ಹಚ್ಚಿದ್ದಾಯಿತು. ಯಾರೋ ಹೇಳಿದರು ಅಂತ ಸುಣ್ಣ ಹಚ್ಚಿ ರಾತ್ರಿಯಿಡೀ ಉರಿ ತಿಂದದ್ದೂ ಆಯಿತು. ಕೊನೆಗೆ ಮೊಮ್ಮಗನ ಕೈಯಲ್ಲಿ ರೊಕ್ಕ ಕೊಟ್ಟು ಔಷಧ ಅಂಗಡಿಯಿಂದ "ಗಜಕರ್ಣದ ಟ್ಯೂಬು" ತರಿಸಿದಳು. ಒಂದಲ್ಲ, ಮೂರು. ಹಚ್ಚಿದಾಗ ನಾಲ್ಕು ದಿನ ತುರಿಕೆ ನಿಲ್ಲುತ್ತಿತ್ತು, ಬಿಟ್ಟರೆ ದುಪ್ಪಟ್ಟು. ಇಷ್ಟೆಲ್ಲ ಮಾಡಿದವಳು ಒಬ್ಬ ಡಾಕ್ಟರಿಗೆ ತೋರಿಸಿರಲಿಲ್ಲ. ಊರಲ್ಲಿ ತಾಲೂಕು ಆಸ್ಪತ್ರೆ ಇಲ್ಲವೇ? ಇದೆ. ಆದರೆ ಗಾಯ ಇರುವ ಜಾಗ ಎಂಥದ್ದು? ತೋರಿಸಬೇಕಾದರೆ ಲಾಡಿ ಬಿಚ್ಚಬೇಕು. "ಗಂಡಸ ಡಾಕ್ಟರ ಮುಂದ ಅದನ್ನ ಹೆಂಗ ಬಿಚ್ಚಲಿ?" ಅನ್ನುವುದು ಆಕೆಯ ಸರಳ ಪ್ರಶ್ನೆ. ಈ ಪ್ರಶ್ನೆ ನಮ್ಮ ದೊಡ್ಡವ್ವ ಒಬ್ಬಳದೇ ಅಂತ ನನಗೆ ಅನ್ನಿಸುವುದಿಲ್ಲ.

ಗೆರೆ ಗಾಯವಾಗುವ ಬಗೆ

ಲಾಡಿ ಅಂದರೆ ಕಿರುಬೆರಳಿನಷ್ಟೂ ದಪ್ಪವಿಲ್ಲದ ದಾರ. ಆರು ವಾರದ ಸೀರೆಯ ಭಾರ, ನಿರಿಗೆಯ ಭಾರ ಎಲ್ಲ ಆ ದಾರದ ಮೇಲೆ. ಸಡಿಲ ಬಿಟ್ಟರೆ ಸೀರೆ ಜಾರತದ ಅಂತ ಉಸಿರು ಹಿಡಿದು ಬಿಗಿದು ಕಟ್ಟುತ್ತಾರೆ. ಅದರ ಮೇಲೆ ಎಲಿ-ಅಡಕಿ ಸಂಚಿ, ಕೀಲಿಕೈ ಗೊಂಚಲು. ಹತ್ತಿ ಬಿಡಿಸುವ ಕಾಲಕ್ಕೆ ಉಡಿ ಕಟ್ಟಿದರೆ ಉಡಿ ತುಂಬಿದ ಹತ್ತಿಯ ಜಗ್ಗಾಟವೂ ಸೊಂಟಕ್ಕೇ. ನಮ್ಮ ಕಡೆಯ ಬಿಸಿಲು, ಎರೆಮಣ್ಣಿನ ಧೂಳು, ಒಣಗದ ಬೆವರು ಇವೂ ಕೂಡಿಕೊಳ್ಳುತ್ತವೆ. ದಿನಾ ಅದೇ ಜಾಗ, ಅದೇ ಮಗ್ಗಲು, ಅದೇ ಗಂಟು. ವರ್ಷಕ್ಕೆ ಮುನ್ನೂರರವತ್ತೈದು ದಿನ, ಐವತ್ತು ವರ್ಷ. ನೊಗ ಹೊತ್ತ ಎತ್ತಿನ ಹೆಗಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಬರುವುದು ಒಂದು ಕರೀ ಗೆರೆ. ಸೀರೆ ಉಡುವ ಬಹಳ ಹೆಂಗಸರ ಸೊಂಟದ ಮೇಲೆ ಇದು ಇದ್ದೇ ಇರುತ್ತದೆ, ಅದರಿಂದ ಏನೂ ಆಗುವುದಿಲ್ಲ. ಆಮೇಲೆ ಕೆಲವರಿಗೆ ಆ ಗೆರೆಯ ಚರ್ಮ ದಪ್ಪಾಗಿ ಒರಟಾಗುತ್ತದೆ, ಹೊಟ್ಟು ಏಳುತ್ತದೆ, ತುರಿಕೆ ಶುರುವಾಗುತ್ತದೆ. ಕೆಲವರಿಗೆ ಬಣ್ಣ ಹೋಗಿ ಗೆರೆ ಬಿಳಿಚುತ್ತದೆ. ಹಸಿ ಉಳಿದ ಕಡೆ ಗಜಕರ್ಣ, ಅಂದರೆ ಬೂಷ್ಟಿನ ಸೋಂಕು, ಸುಲಭವಾಗಿ ಹತ್ತುತ್ತದೆ. ಇನ್ನೂ ಕೆಲವರಿಗೆ ಚರ್ಮ ಸೀಳುತ್ತದೆ. ಸೀಳಿದ್ದು ಮಾಯುತ್ತದೆ, ಮತ್ತೆ ಸೀಳುತ್ತದೆ. ಬಹುಪಾಲು ಹೆಂಗಸರಿಗೆ ಕತೆ ಇಲ್ಲಿಗೇ ನಿಲ್ಲುತ್ತದೆ.

ತೀರಾ ಅಪರೂಪಕ್ಕೆ ಇದು ಮುಂದಕ್ಕೆ ಹೋಗುತ್ತದೆ. ಹತ್ತಾರು ವರ್ಷ ಹರಿದು ಮಾಯ್ದು, ಹರಿದು ಮಾಯ್ದು ಮಾಡಿದ ಚರ್ಮ, ರಿಪೇರಿ ಮಾಡುತ್ತ ಮಾಡುತ್ತ ಒಂದು ದಿನ ಲೆಕ್ಕ ತಪ್ಪುತ್ತದೆ. ಹೊಸ ಚರ್ಮ ಹುಟ್ಟಿಸುವ ಕಣಗಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಬೆಳೆಯುತ್ತಲೇ ಹೋಗುತ್ತವೆ. ಅದೇ ಕ್ಯಾನ್ಸರ್. ಮಾಯದ ಹಳೆಯ ಗಾಯದಲ್ಲಿ, ಸುಟ್ಟ ಕಲೆಯಲ್ಲಿ ಹೀಗೆ ಹುಟ್ಟುವ ಹುಣ್ಣಿಗೆ ಡಾಕ್ಟರುಗಳು "ಮಾರ್ಜೊಲಿನ್ ಹುಣ್ಣು" ಅನ್ನುತ್ತಾರೆ. ಗಾಯದ ಕಲೆಯ ಮೇಲೆ ಏಳುವ ಹುಣ್ಣಿನ ಬಗ್ಗೆ 1828ರಲ್ಲಿ ಬರೆದ ಫ್ರಾನ್ಸ್ ದೇಶದ ಸರ್ಜನ್ನನ ಹೆಸರು ಅದು. ಪಿಯುಸಿ ಅರ್ಧಕ್ಕೆ ಬಿಟ್ಟ ನನ್ನಂಥವನಿಗೂ ಇಷ್ಟು ತಿಳಿಯಿತು ಅಂದಮೇಲೆ ಓದುಗರಿಗೆ ತಿಳಿಯದೆ ಇರಲಿಕ್ಕಿಲ್ಲ.

ಉಡುಗೆಯಿಂದ ಬರುವ ಕ್ಯಾನ್ಸರ್ ಇದೆ ಅಂತ ನಮ್ಮ ದೇಶದಲ್ಲಿ ತೋರಿಸಿಕೊಟ್ಟು ಎಂಬತ್ತು ವರ್ಷ ಆಯಿತು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ವಿ. ಆರ್. ಖಾನೋಲ್ಕರ್ ಮತ್ತು ಸೂರ್ಯಬಾಯಿ ಸೇರಿ 1945ರಲ್ಲಿ ಒಂದು ಲೇಖನ ಬರೆದರು. ಜನರ ರೂಢಿಯಿಂದ ಬರುವ ಮೂರು ಬಗೆಯ ಕ್ಯಾನ್ಸರ್ ಅದರಲ್ಲಿದ್ದವು. ಉರಿಯುವ ತುದಿಯನ್ನು ಬಾಯೊಳಗಿಟ್ಟು ಚುಟ್ಟಾ ಸೇದುವವರ ಅಂಗುಳಿಗೆ ಬರುವುದು ಒಂದು, ಖೈನಿ ಇಡುವವರ ತುಟಿಗೆ ಬರುವುದು ಇನ್ನೊಂದು. ಮೂರನೆಯದು ಧೋತರ ಬಿಗಿದು ಉಡುವವರ ಸೊಂಟಕ್ಕೆ ಬರುವ "ಧೋತಿ ಕ್ಯಾನ್ಸರ್". ನೋಡಿ, ಗಂಡಸರ ಧೋತರಕ್ಕೆ 1945ಕ್ಕೇ ಹೆಸರು ಬಂತು! "ಸೀರೆ ಕ್ಯಾನ್ಸರ್" ಅನ್ನುವ ಮಾತು ವೈದ್ಯರ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು ದಶಕಗಳು ಕಳೆದ ಮೇಲೆ. ಗಂಡಸರು ಧೋತರ ಬಿಟ್ಟು ಪ್ಯಾಂಟಿಗೆ ಬಂದರು. ಹೆಂಗಸರ ಸೊಂಟದ ಲಾಡಿ ಅಲ್ಲೇ ಇದೆ.

2024ರ ನವೆಂಬರಿನಲ್ಲಿ ಮಹಾರಾಷ್ಟ್ರದ ವಾರ್ಧಾ ಮತ್ತು ಬಿಹಾರದ ಮಧುಬನಿಯ ಡಾಕ್ಟರುಗಳು ಇಬ್ಬರು ಅಜ್ಜಿಯರ ಕೇಸನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್ ಬಳಗದ ಒಂದು ಪತ್ರಿಕೆಯಲ್ಲಿ ಪ್ರಕಟಿಸಿದರು. ಒಬ್ಬಾಕೆಗೆ 70 ವರ್ಷ. ಬಲ ಮಗ್ಗಲಿನ ಹುಣ್ಣು 18 ತಿಂಗಳಿಂದ ಮಾಯ್ದಿರಲಿಲ್ಲ, ಸುತ್ತಲ ಚರ್ಮದ ಬಣ್ಣ ಹೋಗಿತ್ತು. ಇನ್ನೊಬ್ಬಾಕೆ ಅರವತ್ತರ ಕೊನೆಯಲ್ಲಿದ್ದವರು. ಪರಕರವನ್ನೇ ಹಾಕದೆ ಲುಗಡಾ ಬಿಗಿದು ಉಡುವ ರೂಢಿ, ಅದೂ 40 ವರ್ಷದಿಂದ. ಹುಣ್ಣು ಎರಡು ವರ್ಷದ್ದು. ಪರೀಕ್ಷೆಯಲ್ಲಿ ಇಬ್ಬರಿಗೂ ಚರ್ಮದ ಕ್ಯಾನ್ಸರ್ ಅಂತ ಬಂತು. ಎರಡನೆಯವರಿಗೆ ಅದು ಆಗಲೇ ತೊಡೆಸಂದಿಯ ಗಂಟಿಗೂ ಹರಡಿತ್ತು. ತಪ್ಪು ಸೀರೆಯದಲ್ಲ, ಬಿಗಿದು ಕಟ್ಟುವುದರದು ಅಂತ ಆ ಡಾಕ್ಟರುಗಳ ಅಭಿಪ್ರಾಯ. ನಮ್ಮ ಅಜ್ಜಿಯರು ಕಚ್ಚೆ ಹಾಕಿ ಉಡುವ ಇಳಕಲ್ ಸೀರೆಗೂ ಆ ಕಡೆಯ ಲುಗಡಾಕ್ಕೂ ಅಂಥ ದೂರದ ಸಂಬಂಧವೇನೂ ಅಲ್ಲ. ಹಾಗಾಗಿ ವಾರ್ಧಾದ ಸುದ್ದಿ ನಮ್ಮದಲ್ಲ ಅಂತ ಅನ್ನಲಾಗದು.

ಹುಬ್ಬಳ್ಳಿಗೆ ಹೋದೆವು

ಈ ಲೇಖನದ ಸುದ್ದಿಯನ್ನು ನಾನು ಓದಿದ್ದು ತಲೆಯಲ್ಲಿ ಕೊರೆಯುತ್ತಿತ್ತು. ದೊಡ್ಡವ್ವನ ಮುಂದೆ ಆ ಶಬ್ದ ಎತ್ತಲಿಲ್ಲ. "ಹುಬ್ಬಳ್ಳಿಯೊಳಗ ಹೆಣ್ಮಗಳು ಡಾಕ್ಟರ ಇದ್ದಾರ, ಗಂಡಸರ ಒಳಗ ಬರೂದಿಲ್ಲ" ಅಂತಷ್ಟೇ ಹೇಳಿದೆ. ಎರಡು ದಿನ ಬೇಡ ಅಂದಳು, ಮೂರನೇ ದಿನ ಹೆಂಡತಿ ಜತೆಗೆ ಬರ್ತಾಳೆ ಅಂದಮೇಲೆ ಹ್ಞೂಂ ಅಂದಳು.

ಅಲ್ಲಿನ ಒಂದು ದೊಡ್ಡ ಆಸ್ಪತ್ರೆಯ ಚರ್ಮದ ವಿಭಾಗ. ನಾನು ಹೊರಗೆ ಬೆಂಚಿನ ಮೇಲೆ. ಒಳಗೆ ನಡೆದದ್ದನ್ನು ಹೆಂಡತಿ ಹೇಳಿದ್ದು, ಆಮೇಲೆ ಡಾಕ್ಟರೇ ನನ್ನನ್ನು ಕರೆದು ತಿಳಿಸಿದ್ದು, ಎರಡೂ ಕೂಡಿಸಿ ಬರೆಯುತ್ತಿದ್ದೇನೆ.

ಡಾಕ್ಟರ್ ಮೊದಲು ಗಾಯ ನೋಡಲಿಲ್ಲವಂತೆ, ಸೀರೆ ಉಟ್ಟ ರೀತಿ ನೋಡಿದರಂತೆ. ಗಂಟು ಯಾವ ಮಗ್ಗಲಿಗೆ ಬರುತ್ತದೆ, ಮಲಗುವಾಗ ಲಾಡಿ ಸಡಿಲ ಮಾಡುತ್ತೀರೋ ಇಲ್ಲವೋ, ಏನೇನು ಹಚ್ಚಿದ್ದೀರಿ, ಸಕ್ಕರೆ ಕಾಯಿಲೆ ಇದೆಯೇ ಅಂತ ಕೇಳಿದರು. ಗಾಯದ ಅಂಚನ್ನು ಬೆರಳಿನಿಂದ ಒತ್ತಿ ನೋಡಿದರು. ಅಂಚು ಗಟ್ಟಿಯಾಗಿ ಎದ್ದು ನಿಂತಿದ್ದರೆ, ಹೂಕೋಸಿನ ಹಾಗೆ ಒಡೆದಿದ್ದರೆ, ಮುಟ್ಟಿದರೆ ರಕ್ತ ಬರುತ್ತಿದ್ದರೆ, ವಾಸನೆ ಇದ್ದರೆ ಅದು ಬೇರೆ ಲೆಕ್ಕ. ತೊಡೆಸಂದಿಯಲ್ಲಿ ಗಂಟು ಇದೆಯೇ ಅಂತ ಎರಡೂ ಕಡೆ ಮುಟ್ಟಿ ನೋಡಿದರು. ಸುತ್ತಲಿನ ಹೊಟ್ಟನ್ನು ಬ್ಲೇಡಿನಿಂದ ಹಗುರವಾಗಿ ಕೆರೆದು ಗಾಜಿನ ಪಟ್ಟಿಯ ಮೇಲೆ ಹಾಕಿ ಸೂಕ್ಷ್ಮದರ್ಶಕಕ್ಕೆ ಕಳಿಸಿದರು. ಬೂಷ್ಟು ಇದೆಯೋ ಇಲ್ಲವೋ ಇದರಿಂದ ಅವತ್ತೇ ಗೊತ್ತಾಗುತ್ತದೆ.

ದೊಡ್ಡವ್ವನ ಗಾಯ ಕಣ್ಣಿಗೆ ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲವಂತೆ. ಆದರೂ ಏಳು ತಿಂಗಳು ಮಾಯದ ಗಾಯವನ್ನು ಕಣ್ಣಳತೆಯಿಂದ ಬಿಡಲಿಕ್ಕಾಗದು, ತುಣುಕು ತೆಗೆದೇ ನೋಡಬೇಕು ಅಂದರು. ಅದೇ ಬಯಾಪ್ಸಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಗಾಯದ ಅಂಚಿನಿಂದ ಒಂದು ಕಡಲೆಯಷ್ಟು ಚರ್ಮ ತೆಗೆದರು. ನಡುವಿನಿಂದ ತೆಗೆದರೆ ಸತ್ತ ಕೊಳೆಯಷ್ಟೇ ಸಿಗುತ್ತದೆ, ರೋಗದ ನಿಜ ಗುರುತು ಅಂಚಿನಲ್ಲಿರುತ್ತದೆ. ಒಂದೋ ಎರಡೋ ಹೊಲಿಗೆ. ತುಣುಕು ಸಣ್ಣ ಸೀಸೆಯಲ್ಲಿ ಪೆಥಾಲಜಿಗೆ ಹೋಯಿತು. "ಸೂಜಿ ಚುಚ್ಚಿದ್ದಷ್ಟ ಗೊತ್ತಾತು" ಅಂದಳು ದೊಡ್ಡವ್ವ. ತುಣುಕು ತೆಗೆದರೆ ರೋಗ ಮೈಯೆಲ್ಲ ಹರಡತದ ಅಂತ ನಮ್ಮ ಕಡೆ ಒಂದು ಮಾತಿದೆ. ಸುಳ್ಳು ಮಾತು ಅದು, ಎಷ್ಟೋ ಜನರನ್ನು ಆಸ್ಪತ್ರೆಯ ಬಾಗಿಲಿಂದ ವಾಪಸು ಕಳಿಸಿದೆ.

ರಿಪೋರ್ಟಿಗೆ ಹತ್ತು ದಿನ. ಆ ಹತ್ತು ದಿನ ಹೇಗೆ ಕಳೆದೆವು ಅಂತ ಬರೆಯುವುದು ಬೇಡ. ಆಕೆಗೆ ನಾವು ಏನೂ ಹೇಳಿರಲಿಲ್ಲ, ಆದರೆ ಹಳ್ಳಿಯ ಹೆಂಗಸಿಗೆ ಏನೂ ತಿಳಿಯುವುದಿಲ್ಲ ಅಂದುಕೊಂಡರೆ ಅದು ನಮ್ಮ ದಡ್ಡತನ. ಐದನೇ ದಿನ ರಾತ್ರಿ ಉಂಡು ಕೈ ತೊಳೆದ ಮೇಲೆ ತಾನೇ ಹೇಳಿದಳು: "ತಮ್ಮಾ, ಅದು ಕ್ಯಾನ್ಸರ ಅಂತ ಬಂದ್ರ ಯಾರ ಮುಂದನೂ ಆಡಬ್ಯಾಡ. ಮೊಮ್ಮಗಳ ಲಗ್ನ ಆಗೂದೈತಿ." ತನ್ನ ಜೀವದ ಚಿಂತೆಗಿಂತ ಮೊಮ್ಮಗಳ ಲಗ್ನದ ಚಿಂತೆ ಮುಂದೆ ನಿಂತಿತ್ತು.

ರಿಪೋರ್ಟು ಬಂತು. ಕ್ಯಾನ್ಸರ್ ಅಲ್ಲ. ತಿಕ್ಕಾಟದಿಂದ ಆದ ಹಳೆಯ ಗಾಯ, ಅದರ ಮೇಲೆ ಬೂಷ್ಟು. ಬೂಷ್ಟಿಗೆ ಗುಳಿಗೆ, ಗಾಯಕ್ಕೆ ಬ್ಯಾಂಡೇಜು. ಹಳೆಯ ಟ್ಯೂಬು ಗಟಾರಕ್ಕೆ. ಲಾಡಿ ಎರಡು ತಿಂಗಳು ಬಂದ್, ಮನೆಯಲ್ಲಿ ಸಡಿಲ ನೈಟಿ. ನೈಟಿ ಹಾಕಲು ಆಕೆ ಮಾಡಿದ ತಂಟೆಯೇ ಬೇರೊಂದು ಸುದ್ದಿಯಾದೀತು! ಎರಡು ತಿಂಗಳಿಗೆ ಗಾಯ ಕೂಡಿಕೊಂಡಿತು. "ಇಷ್ಟಕ್ಕ ನನ್ನ ಹುಬ್ಬಳ್ಳಿಗೆ ಎಳಕೊಂಡ ಹೋಗಿದ್ಯಾ?" ಅಂತ ಬೈಸಿಕೊಂಡೆ. ಆ ಬೈಗುಳ ನನಗೆ ಸಿಹಿಯಾಗಿಯೇ ಕೇಳಿಸಿತು.

ಕ್ಯಾನ್ಸರ್ ಅಂತ ಬಂದಿದ್ದರೆ? ಆಗಲೂ ದಾರಿ ಇದೆ. ಹುಣ್ಣನ್ನು ಸುತ್ತಲಿನ ಒಳ್ಳೆಯ ಚರ್ಮದ ಒಂದಿಷ್ಟು ಅಂಚು ಸಮೇತ ಕತ್ತರಿಸಿ ತೆಗೆಯುತ್ತಾರೆ. ಜಾಗ ದೊಡ್ಡದಾದರೆ ತೊಡೆಯ ಚರ್ಮ ತಂದು ಕಸಿ ಮಾಡುತ್ತಾರೆ. ತೊಡೆಸಂದಿಯ ಗಂಟಿಗೆ ಹೋಗಿದ್ದರೆ ಅದನ್ನೂ ತೆಗೆಯಬೇಕು, ಕೆಲವರಿಗೆ ಕರೆಂಟು ಅಂತ ಜನ ಕರೆಯುವ ವಿಕಿರಣ ಚಿಕಿತ್ಸೆಯೂ ಬೇಕಾಗುತ್ತದೆ. ಚರ್ಮದಲ್ಲೇ ಇರುವಾಗ ಸಿಕ್ಕರೆ ಹೆಚ್ಚಿನವರಿಗೆ ಆಪರೇಶನ್ನಿನಲ್ಲೇ ಮುಗಿಯುತ್ತದೆ.

ಟ್ಯೂಬಿನ ಮಾತು

ಆ ಮೂರು ಟ್ಯೂಬಿನ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ಓದುಗರಲ್ಲಿ ಔಷಧ ಅಂಗಡಿಯವರೂ ಇದ್ದಾರೆ, ಸಿಟ್ಟಾಗಬಾರದು. ಬೂಷ್ಟಿನ ಔಷಧದ ಜೊತೆ ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಸ್ಟೀರಾಯ್ಡ್ ತುರಿಕೆ, ಕೆಂಪು ಎರಡನ್ನೂ ಅಡಗಿಸುತ್ತದೆ. ಗಿರಾಕಿಗೆ ಗುಣವಾಯಿತು ಅನಿಸುತ್ತದೆ. ಒಳಗೆ ಬೂಷ್ಟು ಮಾತ್ರ ಹಾಯಾಗಿ ಹರಡುತ್ತಿರುತ್ತದೆ, ಚರ್ಮ ತೆಳ್ಳಗಾಗುತ್ತ ಹೋಗುತ್ತದೆ. ಆಮೇಲೆ ಡಾಕ್ಟರ್ ನೋಡಿದರೂ ರೋಗದ ಮುಖ ಬದಲಾಗಿರುತ್ತದೆ, ಗುರುತು ಹತ್ತುವುದು ಕಷ್ಟ. ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರಕಾರ 2018ರಲ್ಲೇ ಆಜ್ಞೆ ಮಾಡಿದೆ. ಆಜ್ಞೆ ದಿಲ್ಲಿಯಲ್ಲಿ, ಟ್ಯೂಬು ಕೌಂಟರಿನ ಮೇಲೆ! ಮೊಮ್ಮಗ ಹೋಗಿ "ಗಜಕರ್ಣದ್ದು ಕೊಡ್ರಿ" ಅಂದಾಗ "ಯಾರಿಗೆ, ಎಲ್ಲಿ ಆಗೇದ, ಎಷ್ಟು ದಿನದ್ದು" ಅಂತ ಒಂದು ಮಾತು ಕೇಳಿದ್ದರೆ ಏನು ಹೋಗುತ್ತಿತ್ತು?

ಮುಖಕ್ಕೆ ಹಚ್ಚುವ "ಬೆಳ್ಳಗಾಗೋ ಕ್ರೀಮು"ಗಳಲ್ಲೂ ಹಲವದರಲ್ಲಿ ಇದೇ ಸ್ಟೀರಾಯ್ಡ್ ಇರುತ್ತದೆ. ಬಂಗು ಅಂತ ಹೆಂಗಸರು ಅದನ್ನೇ ಹಚ್ಚುತ್ತಾರೆ. ಬಂಗು ಕಂದು ಬಣ್ಣದ್ದು, ಉರಿಯುವುದಿಲ್ಲ, ನೋಯುವುದಿಲ್ಲ. ಆದರೆ ಎರಡೂ ಕೆನ್ನೆ, ಮೂಗಿನ ದಂಡೆಯ ಮೇಲೆ ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಕೆಂಪು ಕಲೆ ಎದ್ದು, ಬಿಸಿಲಿಗೆ ಹೋದರೆ ಹೆಚ್ಚಾಗಿ, ಜೊತೆಗೆ ಕೀಲು ನೋವು, ಜ್ವರ, ಬಾಯಿಹುಣ್ಣು, ಕೂದಲು ಉದುರುವುದು ಇದ್ದರೆ ಅದು ಲೂಪಸ್ ಎಂಬ ಬೇರೆಯೇ ರೋಗ ಇರಬಹುದು. ಮೈಯ ಕಾವಲು ಪಡೆ ಮೈಯನ್ನೇ ಹೊಡೆಯುವ ರೋಗ. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರು, ಅದೂ ಬಹಳವಾಗಿ ಮಕ್ಕಳು ಹೆರುವ ವಯಸ್ಸಿನವರು. ಬಿಟ್ಟರೆ ಮೂತ್ರಪಿಂಡಕ್ಕೆ ಹೋಗುತ್ತದೆ. ರಕ್ತ ಪರೀಕ್ಷೆಯಿಂದ ಸುಳಿವು ಸಿಗುತ್ತದೆ, ವರ್ಷಗಟ್ಟಲೆ ಗುಳಿಗೆ ನುಂಗಿ ಹತೋಟಿಯಲ್ಲಿ ಇಡಬಹುದು. ಮಲೇರಿಯಾಕ್ಕೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಇದಕ್ಕೆ ಮುಖ್ಯ ಔಷಧ.

ಟಿಕಳಿ ಕೆಳಗಿನ ಬಿಳಿ

ಸೊಂಟದ ಗಾಯವನ್ನು ಮುಚ್ಚಿಡಬಹುದು. ಹಣೆಯದ್ದು ಹೇಗೆ ಮುಚ್ಚಿಡುವುದು? ಇನ್ನೂ ದೊಡ್ಡ ಟಿಕಳಿ ಹಚ್ಚಿ! ಹಾಗೆ ಮಾಡಿಯೇ ಹೆಣ್ಣುಮಕ್ಕಳು ರೋಗ ಬೆಳೆಸಿಕೊಳ್ಳುತ್ತಾರೆ.

ಅಂಟಿಸುವ ಟಿಕಳಿಯ ಕೆಲವು ಗೋಂದಿನಲ್ಲಿ ಪ್ಯಾರಾ ಟರ್ಶರಿ ಬ್ಯುಟೈಲ್ ಫಿನಾಲ್ ಎಂಬ ರಸಾಯನ ಇರುತ್ತದೆ. ಹೆಸರು ಉದ್ದ, ಕೆಲಸ ಸಣ್ಣದು: ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ಕೊಲ್ಲುವುದು. ಎಲ್ಲರಿಗೂ ಹೀಗಾಗುವುದಿಲ್ಲ, ಮೈಗೆ ಒಗ್ಗದ ಕೆಲವರಿಗೆ ಆಗುತ್ತದೆ. ಟಿಕಳಿ ಎಷ್ಟು ಅಗಲವೋ ಅಷ್ಟೇ ಅಗಲದ ಬಿಳಿ ಚುಕ್ಕೆ. ಹವಾಯಿ ಚಪ್ಪಲಿಯ ರಬ್ಬರಿನಿಂದ ಪಾದದ ಮೇಲೆ ಪಟ್ಟಿಯ ಆಕಾರದಲ್ಲೇ ಬಿಳಿ ಬರುವುದೂ ಇದೇ ಜಾತಿ. ಕುಂಕುಮದ ಬಣ್ಣ ಕೆಲವರಿಗೆ ತುರಿಕೆ, ಕಪ್ಪು ಕಲೆ ತರುತ್ತದೆ. ಅರಿಷಿಣಕ್ಕೆ ಸುಣ್ಣ ಹಾಕಿ ಮಾಡಿದ ಹಳೆಯ ಕುಂಕುಮ ಬೇರೆ, ಅಗ್ಗದ ರಂಗು ಬೆರೆಸಿದ್ದು ಬೇರೆ.

ಹಣೆಯ ಮೇಲೆ ಬಿಳಿ ಕಂಡರೆ ಮನೆಯವರ ಬಾಯಿಂದ ಬರುವ ಮೊದಲ ಶಬ್ದ ತೊನ್ನು. ಓಣಿಯವರ ಬಾಯಿಂದ ಅದಕ್ಕಿಂತ ಕೆಟ್ಟ ಶಬ್ದ. ಕನ್ಯಾ ನೋಡಲು ಬಂದವರು ಚಹಾ ಕುಡಿದು "ತಿಳಸ್ತೀವಿ" ಅಂತ ಎದ್ದು ಹೋಗುತ್ತಾರೆ. ಇಲ್ಲಿ ಮೂರು ಬೇರೆ ಬೇರೆ ವಿಷಯ ಕಲಸುಮೇಲೋಗರ ಆಗಿವೆ. ಟಿಕಳಿಯ ಬಿಳಿ ಮುಟ್ಟಿದರೆ ಅಂಟುವುದಿಲ್ಲ, ಟಿಕಳಿ ಬಿಟ್ಟು ಔಷಧ ಹಚ್ಚಿದರೆ ಎಷ್ಟೋ ಜನರಿಗೆ ನಿಧಾನವಾಗಿ ಬಣ್ಣ ಮರಳುತ್ತದೆ. ತೊನ್ನೂ ಅಂಟುವ ರೋಗವಲ್ಲ. ಲಾಡಿ ತಿಕ್ಕಿದ ಜಾಗದಲ್ಲೇ ತೊನ್ನು ಎದ್ದು ಬರುವುದೂ ಉಂಟು. ಕುಷ್ಠದ ಕಲೆ ಹಾಲಿನ ಹಾಗೆ ಬೆಳ್ಳಗಿರುವುದಿಲ್ಲ, ಮಾಸಲು ಇರುತ್ತದೆ, ಆ ಜಾಗಕ್ಕೆ ಸ್ಪರ್ಶ ತಿಳಿಯುವುದಿಲ್ಲ. ಅದಕ್ಕೂ ಸರಕಾರಿ ದವಾಖಾನೆಯಲ್ಲಿ 6 ತಿಂಗಳು ಅಥವಾ 12 ತಿಂಗಳ ಪುಕ್ಕಟೆ ಗುಳಿಗೆಯಿಂದ ಪೂರ್ತಿ ಗುಣ ಇದೆ. ಕುಷ್ಠ ಇದೆ ಅಂತ ಗಂಡನೋ ಹೆಂಡತಿಯೋ ವಿಚ್ಛೇದನ ಕೇಳುವ ಕಲಮನ್ನು 2019ರಲ್ಲಿ ಪಾರ್ಲಿಮೆಂಟೇ ಕಾಯ್ದೆಗಳಿಂದ ತೆಗೆದುಹಾಕಿತು. ಓಣಿಯ ಕಾಯ್ದೆ ಮಾತ್ರ ಇನ್ನೂ ತಿದ್ದುಪಡಿ ಆಗಿಲ್ಲ.

ಯಾವ ವಸ್ತು ಮೈಗೆ ಆಗಿ ಬರೋದಿಲ್ಲ ಅಂತ ಕಂಡುಹಿಡಿಯಲು ಪ್ಯಾಚ್ ಟೆಸ್ಟ್ ಇದೆ. ಸಂಶಯದ ವಸ್ತುಗಳನ್ನು ಚೂರು ಚೂರು ಬೆನ್ನಿಗೆ ಅಂಟಿಸಿ ಎರಡು ದಿನ ಬಿಡುತ್ತಾರೆ, ತೆಗೆದು ನೋಡುತ್ತಾರೆ, ಇನ್ನೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಕೆಂಪಗೆ ಎದ್ದ ಜಾಗವೇ ಸಾಕ್ಷಿ. ಹೋಗುವಾಗ ಟಿಕಳಿ ಪಾಕೀಟು, ಕುಂಕುಮದ ಭರಣಿ ಜೊತೆಗೆ ಒಯ್ಯಬೇಕು.

ಬಸ್ಸು ಪುಕ್ಕಟೆ, ಆದರೆ

2023ರ ಜೂನ್ 11ರಿಂದ ನಮ್ಮ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ರೊಕ್ಕ ಇಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಜನ ಇನ್ನೂ ಕಿಮ್ಸ್ ಅಂತಲೇ ಕರೆಯುವ ಸರಕಾರಿ ದೊಡ್ಡ ಆಸ್ಪತ್ರೆ ಇದೆ. ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಧಾರವಾಡದ ಹಾದಿಯಲ್ಲಿ ಸತ್ತೂರಿನ ಎಸ್‌ಡಿಎಂ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ. ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ ಮುಂದಿನ ಆಸ್ಪತ್ರೆಗೆ ಚೀಟಿ ಬರೆಸಿಕೊಂಡರೆ ಅಲ್ಲಿ ಅಲೆದಾಟ ಕಡಿಮೆ.

ದಾರಿ ಇದೆ, ಗಾಡಿ ಇದೆ, ಕಾರ್ಡು ಇದೆ. ಆದರೂ ಗಾಯ ಲಾಡಿಯ ಕೆಳಗೇ ಇದೆ. ಯಾಕೆಂದರೆ ಕೇಳುವವರಿಲ್ಲ. ಮೂವತ್ತು ದಾಟಿದ ಹೆಂಗಸರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರಕಾರ ನಡೆಸುತ್ತದೆ. ಅದು ಸರಿಯೇ, ಅವು ಸಾಮಾನ್ಯ, ಸೊಂಟದ್ದು ಅಪರೂಪ. ಆದರೆ ಅದೇ ಹೊತ್ತಿಗೆ ಆಶಾ ಕಾರ್ಯಕರ್ತೆಯೋ ನರ್ಸಮ್ಮನೋ "ಯವ್ವಾ, ಲಾಡಿ ಕಟ್ಟೋ ಜಾಗಾದಾಗ ಮಾಯದ ಗಾಯ ಐತೇನ?" ಅಂತ ಒಂದು ಮಾತು ಕೇಳಿದರೆ ಖರ್ಚು ಏನೂ ಇಲ್ಲ. ಆರು ವಾರಕ್ಕೂ ಮಾಯದ ಗಾಯ ಅಂದರೆ ತೋರಿಸಲೇಬೇಕಾದ ಗಾಯ.

ದೊಡ್ಡವ್ವನಿಗೆ ಡಾಕ್ಟರ್ ಹೇಳಿ ಕಳಿಸಿದ್ದು ಇಷ್ಟು. ಲಾಡಿ ಬದಲಿಗೆ ಎರಡು-ಮೂರು ಬೆರಳು ಅಗಲದ ಪಟ್ಟಿ ಇರಲಿ. ಗಂಟು ಒಂದು ದಿನ ಈ ಮಗ್ಗಲಿಗಾದರೆ ಮರುದಿನ ಆ ಮಗ್ಗಲಿಗೆ, ಒಂದಿಷ್ಟು ಮೇಲೆ ಕೆಳಗೆ. ಮಲಗುವಾಗ ಸಡಿಲ. ಮೈ ತೊಳೆದ ಮೇಲೆ ಆ ಜಾಗ ಒರೆಸಿ ಒಣಗಿಸಿ ಆಮೇಲೆ ಉಡಬೇಕು. ಸಂಚಿ, ಕೀಲಿಕೈ ಸೊಂಟಕ್ಕೆ ಬೇಡ. ಬಿಗಿ ಇಲಾಸ್ಟಿಕ್ಕೂ ಲಾಡಿಯ ತಮ್ಮನೇ, ಅದೂ ಬೇಡ.

ಅಗಲ ಪಟ್ಟಿಯ ಪರಕರ ರೆಡಿಮೇಡಿನಲ್ಲಿ ಸಿಗಲಿಲ್ಲ. ಬಜಾರದ ನಾಲ್ಕು ಅಂಗಡಿ ತಿರುಗಿದೆವು, ಎಲ್ಲ ಕಡೆ ಅದೇ ಸಣ್ಣ ದಾರ. ಕೊನೆಗೆ ಓಣಿಯ ಟೇಲರ್ ಹತ್ತಿರ ಹೋದೆವು. ಆತ ಮೆಷಿನ್ ನಿಲ್ಲಿಸಿ ದೊಡ್ಡವ್ವನ ಮುಖ ನೋಡಿದ. "ಅಗಲ ಪಟ್ಟಿ ಯಾಕ ಬೇಕ, ಅಜ್ಜಿ? ಯಾರೂ ಹಂಗ ಹೊಲಸೂದಿಲ್ಲ."

ದೊಡ್ಡವ್ವ ನನ್ನ ಕಡೆ ನೋಡಿದಳು, ನಾನು ರಸ್ತೆ ಕಡೆ ನೋಡಿದೆ. ಆಕೆಯೇ ಹೇಳಿದಳು: "ಸಣ್ಣ ಲಾಡಿ ಸೊಂಟಾ ಕೊಯ್ದು ಗಾಯ ಆಗಿತ್ತು. ಡಾಕ್ಟರ ಹೇಳ್ಯಾರ."

ಟೇಲರ್ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಟೇಪು ತೆಗೆದು, "ನಮ್ಮವ್ವಗೂ ಹಂಗ ಒಂದು ಐತಿ, ಬಾಳ ದಿನಾತು" ಅಂದ. ಎರಡು ಪರಕರಕ್ಕೆ ಅಳತೆ ಬರೆದುಕೊಂಡ. ಮೂರನೆಯದು ಅವರವ್ವನಿಗೆ ಅಂತ ಅದೇ ಚೀಟಿಯ ಕೆಳಗೆ ಬರೆದ.